ನೈಟ್‌ಗಳ ಕಥೆಗಳು ಇನ್ನೂ ಯಾಕೆ ಹಿಡಿದಿಡುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ ಆರ್ಥರ್ ರಾಜ, ಅವನ ನೈಟ್‌ಗಳು ಅಂದರೆ ಕುದುರೆ ಸವಾರ ಯೋಧರು ಕೂರುವ ದುಂಡು ಮೇಜು, ಅವರಲ್ಲೊಬ್ಬನಾದ ಲ್ಯಾನ್ಸಲಾಟ್, ಮಂತ್ರವಾದಿ ಮರ್ಲಿನ್. ಈ ಹೆಸರುಗಳನ್ನು ಕೇಳದವರು ಕಮ್ಮಿ. ಸಿನಿಮಾದಲ್ಲೋ, ಶಾಲೆಯ ಇಂಗ್ಲಿಷ್ ಪಾಠದಲ್ಲೋ, ವಿಡಿಯೋ ಗೇಮ್‌ನಲ್ಲೋ ಎಲ್ಲೋ ಒಂದು ಕಡೆ ಕಿವಿಗೆ ಬಿದ್ದಿರುತ್ತವೆ. ನಾನು ಈ ಕಥೆಗಳನ್ನು ಬಹಳ ವರ್ಷಗಳಿಂದ ಓದುತ್ತಿದ್ದೇನೆ. ಮನೆಯವರಿಗೆ, ಗೆಳೆಯರಿಗೆ ಹೇಳಲು ಕೂತಾಗಲೆಲ್ಲ ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ. ಅವನ್ನೂ ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಯಾವುದೋ ದೇಶದ, 800 ವರ್ಷ ಹಳೆಯ ಕಥೆ. ಇವತ್ತಿನ ಓದುಗರಿಗೆ ಇದರಲ್ಲಿ ಏನಿದೆ?

ಮೊದಲು ಎಳೆಯುವುದು ಕತ್ತಿ, ಕುದುರೆ, ಕೋಟೆ, ಮಾಯೆ. ಅದರಲ್ಲಿ ತಪ್ಪೇನೂ ಇಲ್ಲ. ನಾನೂ ಅದಕ್ಕೇ ಬಂದವನು. ಆದರೆ ಓದುತ್ತಾ ಓದುತ್ತಾ ಗೊತ್ತಾಗುತ್ತದೆ, ಈ ಕಥೆಗಳ ನಿಜವಾದ ವಸ್ತು ಕೊಟ್ಟ ಮಾತು. ಒಬ್ಬ ನೈಟ್ ರಾಜನಿಗೆ ಮಾತು ಕೊಟ್ಟಿರುತ್ತಾನೆ. ಗೆಳೆಯನಿಗೆ ಕೊಟ್ಟಿರುತ್ತಾನೆ. ಪ್ರೀತಿಸಿದವಳಿಗೆ, ದೇವರಿಗೆ, ದಾರಿಯಲ್ಲಿ ಸಿಕ್ಕ ಅಪರಿಚಿತನಿಗೂ ಕೊಟ್ಟಿರುತ್ತಾನೆ. ಎಲ್ಲವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಅವನಿಂದ ಆಗುವುದಿಲ್ಲ. ಕಥೆ ಶುರುವಾಗುವುದು ಅಲ್ಲಿಂದ.

ಪರ್ಸಿವಲ್‌ನನ್ನೇ ನೋಡಿ. ಕಾಡಿನಲ್ಲಿ ಬೆಳೆದ ಹುಡುಗ. ಜಾಸ್ತಿ ಮಾತಾಡಬೇಡ ಎಂದು ಗುರು ಹೇಳಿಕೊಟ್ಟಿದ್ದಾನೆ. ಒಂದು ರಾತ್ರಿ ಅವನು ಗಾಯಗೊಂಡ ರಾಜನೊಬ್ಬನ ಕೋಟೆಯಲ್ಲಿ ಊಟಕ್ಕೆ ಕೂತಿರುತ್ತಾನೆ. ರಕ್ತ ತೊಟ್ಟಿಕ್ಕುವ ಈಟಿ ಕಣ್ಣ ಮುಂದೆ ಹೋಗುತ್ತದೆ. ಗ್ರೇಲ್ ಎಂಬ ಹೊಳೆಯುವ ಪವಿತ್ರ ಪಾತ್ರೆ ಹೋಗುತ್ತದೆ. ‘ಇದು ಯಾರಿಗಾಗಿ?’ ಎಂದು ಕೇಳಬೇಕೆಂದು ಅವನಿಗೆ ಅನಿಸುತ್ತದೆ. ಕೇಳುವುದಿಲ್ಲ. ಒಂದು ಪ್ರಶ್ನೆ ಕೇಳಿದ್ದರೆ ರಾಜನ ಗಾಯ ವಾಸಿಯಾಗುತ್ತಿತ್ತು. ಬೆಳಿಗ್ಗೆ ಎದ್ದರೆ ಕೋಟೆ ಖಾಲಿ. ಅವನು ಮಾಡಿದ ತಪ್ಪು ಇಷ್ಟೇ, ಹೇಳಿದ ಹಾಗೆ ಕೇಳಿದ್ದು, ಬಾಯಿ ಮುಚ್ಚಿ ಕೂತಿದ್ದು. ನೋವಿನಲ್ಲಿದ್ದವರ ಎದುರು ಕೂತು ‘ಏನಾಯಿತು?’ ಎಂದು ಕೇಳದೆ ಎದ್ದು ಬಂದ ನೆನಪು ನಮಗೂ ಇರುತ್ತದೆ, ಅಲ್ವಾ?

ನೈಟ್ ಅಂದರೆ ಸರಿಯಾಗಿ ಯಾರು?

ಚದುರಂಗದಲ್ಲಿ ಇಂಗ್ಲಿಷಿನವರು ನೈಟ್ ಎನ್ನುವ ಕಾಯಿಗೆ ನಾವು ಕುದುರೆ ಎನ್ನುತ್ತೇವೆ. ವಿಷಯದ ತಿರುಳು ಅಲ್ಲೇ ಇದೆ. ಫ್ರೆಂಚಿನಲ್ಲಿ ನೈಟ್‌ಗೆ ಶೆವಾಲಿಯೇ ಎಂಬ ಹೆಸರು. ಅದು ಕುದುರೆ ಎಂಬ ಅರ್ಥದ ಶೆವಾಲ್‌ನಿಂದ ಬಂದದ್ದು. ನೈಟ್ ಹೇಗೆ ನಡೆದುಕೊಳ್ಳಬೇಕು ಎಂಬ ಆದರ್ಶಕ್ಕೆ ಹೇಳುವ ಶಿವಲ್ರಿ ಎಂಬ ಪದವೂ ಅದರಿಂದಲೇ. ಅಂದರೆ ಶುರುವಿನಲ್ಲಿ ನೈಟ್ ಎಂಬುದು ಗುಣದ ಹೆಸರಾಗಿರಲಿಲ್ಲ. ಯುದ್ಧಕ್ಕೆ ಪಳಗಿಸಿದ ಕುದುರೆ, ಕವಚ, ಆಯುಧ ಇಟ್ಟುಕೊಳ್ಳುವ ಶಕ್ತಿ ಇದ್ದ ಸೈನಿಕ, ಅಷ್ಟೇ. ಇದಕ್ಕೆಲ್ಲ ತುಂಬಾ ಹಣ ಬೇಕಿತ್ತು. ಆದ್ದರಿಂದ ನೈಟ್‌ಗಳು ಹೆಚ್ಚಾಗಿ ಜಮೀನು ಇದ್ದವರು, ಇಲ್ಲವೇ ಜಮೀನು ಇದ್ದವರ ಆಶ್ರಯದಲ್ಲಿ ಇದ್ದವರು. ಆಮೇಲೆ ನಿಧಾನವಾಗಿ ಅದು ಒಂದು ಪದವಿಯಾಯಿತು. ಹೆಸರಿನ ಮುಂದೆ ‘ಸರ್’ ಬಂತು.

ಆ ‘ಸರ್’ ನಮ್ಮೂರಿಗೂ ಬಂದಿದೆ. ವಿಶ್ವೇಶ್ವರಯ್ಯನವರನ್ನು ನಾವು ಸರ್ ಎಂ.ವಿ. ಎನ್ನುತ್ತೇವಲ್ಲ, ಅದು ಮೇಷ್ಟರನ್ನು ಕರೆಯುವ ಸರ್ ಅಲ್ಲ. 1915ರಲ್ಲಿ ಬ್ರಿಟಿಷ್ ಸರ್ಕಾರ ಕೊಟ್ಟ ನೈಟ್ ಪದವಿಯ ಗುರುತು. ಕುದುರೆ ಏರಿ ಈಟಿ ಹಿಡಿದವರ ಪದವಿ ಕೊನೆಗೆ ಅಣೆಕಟ್ಟು ಕಟ್ಟಿದ ಎಂಜಿನಿಯರ್ ಹೆಸರಿಗೆ ಅಂಟಿಕೊಂಡಿತು.

ಆರ್ಥರ್ ರಾಜ ನಿಜವಾಗಿ ಇದ್ದನಾ?

ಗಟ್ಟಿ ಪುರಾವೆ ಇಲ್ಲ. ಅವನು ಬದುಕಿದ್ದ ಎನ್ನುವ ಕಾಲ ಸುಮಾರು ಐದು, ಆರನೇ ಶತಮಾನ. ರೋಮನ್ನರು ಬ್ರಿಟನ್ ಬಿಟ್ಟು ಹೋದ ಮೇಲಿನ ಗೊಂದಲದ ದಿನಗಳು. ಆರನೇ ಶತಮಾನದಲ್ಲಿ ಬರೆದ ಗಿಲ್ಡಾಸ್ ಎಂಬ ಸನ್ಯಾಸಿ ಆ ಕಾಲದ ಯುದ್ಧಗಳ ಬಗ್ಗೆ ಹೇಳುತ್ತಾನೆ, ಆದರೆ ಆರ್ಥರ್ ಹೆಸರು ಎತ್ತುವುದಿಲ್ಲ. ಸುಮಾರು 830ರ ಒಂದು ಲ್ಯಾಟಿನ್ ಇತಿಹಾಸದಲ್ಲಿ ಆರ್ಥರ್ 12 ಯುದ್ಧ ಗೆದ್ದ ಎಂಬ ಪಟ್ಟಿ ಸಿಗುತ್ತದೆ. ಅಲ್ಲಿ ಅವನು ಸೇನೆ ನಡೆಸುವವನು, ರಾಜನೇ ಅಲ್ಲ.

1191ರಲ್ಲಿ ಗ್ಲಾಸ್ಟನ್‌ಬರಿ ಮಠದ ಸನ್ಯಾಸಿಗಳು ಆರ್ಥರ್ ಮತ್ತು ರಾಣಿ ಗ್ವಿನಿವಿಯರ್ ಸಮಾಧಿ ಸಿಕ್ಕಿತು ಎಂದು ಸಾರಿದರು. ಅದಕ್ಕೆ ಏಳು ವರ್ಷ ಮೊದಲು ಆ ಮಠ ಬೆಂಕಿಗೆ ಸುಟ್ಟುಹೋಗಿತ್ತು. ಮತ್ತೆ ಕಟ್ಟಲು ದುಡ್ಡು ಬೇಕಿತ್ತು. ಸಮಾಧಿ ಇದ್ದರೆ ಯಾತ್ರಿಕರು ಬರುತ್ತಾರೆ. ಇವತ್ತಿನ ಇತಿಹಾಸಕಾರರು ಆ ಸಮಾಧಿಯನ್ನು ನಂಬುವುದಿಲ್ಲ.

ನನಗೆ ಕೇಳಿದರೆ, ಆರ್ಥರ್ ಇರಲಿಲ್ಲ ಎಂದು ಒಪ್ಪಿಕೊಂಡರೂ ಕಥೆಗೆ ಏನೂ ಕಮ್ಮಿಯಾಗುವುದಿಲ್ಲ.

ಹಾಗಾದರೆ ಈ ಕಥೆಗಳನ್ನು ಬರೆದವರು ಯಾರು?

ಒಬ್ಬರಲ್ಲ. ಅದೇ ಇದರ ಸೊಗಸು. ವೇಲ್ಸ್‌ನಲ್ಲಿ ಆರ್ಥರ್ ಬಗ್ಗೆ ಹಳೆಯ ಹಾಡು, ಕಥೆಗಳು ಇದ್ದವು. 1130ರ ದಶಕದ ಕೊನೆಯಲ್ಲಿ ಮಾನ್‌ಮತ್‌ನ ಜೆಫ್ರಿ ಎಂಬುವನು ಲ್ಯಾಟಿನ್‌ನಲ್ಲಿ ಬ್ರಿಟನ್ ರಾಜರ ಇತಿಹಾಸ ಬರೆದ. ಇತಿಹಾಸ ಎಂದು ಹೆಸರು, ಬಹುಪಾಲು ಕಲ್ಪನೆ. ಆರ್ಥರ್ ದೊಡ್ಡ ರಾಜನಾದದ್ದು ಅಲ್ಲಿ. 1155ರಲ್ಲಿ ವಾಸ್ ಎಂಬ ಕವಿ ಅದನ್ನು ಫ್ರೆಂಚಿಗೆ ತಂದ. ತರುವಾಗ ದುಂಡು ಮೇಜನ್ನು ಸೇರಿಸಿದ. ಮೇಜು ದುಂಡಗಿದ್ದರೆ ಯಾರೂ ಮೇಲಲ್ಲ, ಯಾರೂ ಕೆಳಗಲ್ಲ. ನಮ್ಮಲ್ಲಿ ಪಂಕ್ತಿಯಲ್ಲಿ ಯಾರು ಮೊದಲು ಕೂರಬೇಕು ಎಂದು ಜಗಳ ಆಗುವುದನ್ನು ನೋಡಿದವರಿಗೆ ಆ ಮೇಜಿನ ಬೆಲೆ ಬೇಗ ಗೊತ್ತಾಗುತ್ತದೆ.

ಹನ್ನೆರಡನೇ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಕ್ರೆತಿಯಾಂ ದ ತ್ರ್ವಾ ಬಂದ. ಲ್ಯಾನ್ಸಲಾಟ್ ಮತ್ತು ರಾಣಿಯ ಪ್ರೀತಿ, ಆರ್ಥರ್ ಆಸ್ಥಾನದ ಊರಿಗೆ ಕ್ಯಾಮಲಾಟ್ ಎಂಬ ಹೆಸರು, ಗ್ರೇಲ್, ಇವೆಲ್ಲ ನಮಗೆ ಮೊದಲು ಸಿಗುವುದು ಅವನ ಕಾವ್ಯಗಳಲ್ಲಿ. ಪರ್ಸಿವಲ್ ಕಥೆಯನ್ನು ಅವನು ಮುಗಿಸಲಿಲ್ಲ. ಆ ಅರ್ಧ ಕಥೆಯನ್ನು ಮುಗಿಸಲು ಎಷ್ಟೋ ಜನ ಹೊರಟರು. ಒಬ್ಬನಿಗೆ ಗ್ರೇಲ್ ಎಂದರೆ ಯೇಸುವಿನ ಕೊನೆಯ ಊಟದ ಪಾತ್ರೆ. ಜರ್ಮನಿಯ ವೋಲ್ಫ್ರಾಮ್ ಫಾನ್ ಎಶೆನ್‌ಬಾಖ್‌ಗೆ ಅದು ಒಂದು ಕಲ್ಲು. ಒಬ್ಬರ ಕೈಯಿಂದ ಒಬ್ಬರ ಕೈಗೆ ಬಂದು, ಹದಿನೈದನೇ ಶತಮಾನದಲ್ಲಿ ಇಂಗ್ಲಿಷಿನ ಥಾಮಸ್ ಮ್ಯಾಲರಿ ಇದನ್ನೆಲ್ಲ ಒಂದು ದೊಡ್ಡ ಗದ್ಯವಾಗಿ ಹೆಣೆದ. 1485ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಅದನ್ನು ಅಚ್ಚು ಹಾಕಿದ.

ಮಹಾಭಾರತವನ್ನು ಪಂಪ ಒಂದು ಥರ ಹೇಳಿದ, ಕುಮಾರವ್ಯಾಸ ಇನ್ನೊಂದು ಥರ. ಯಾವುದು ಸರಿ ಎಂದು ನಾವು ಕೇಳುವುದಿಲ್ಲ. ಆರ್ಥರ್ ಕಥೆಯನ್ನೂ ಹಾಗೇ ಓದಬೇಕು.

ಮ್ಯಾಲರಿ ಜೈಲಿನಲ್ಲಿ ಕೂತು ಬರೆದನಂತೆ. ನಿಜವಾ?

ನಿಜ. ತಾನು ಸೆರೆಯಲ್ಲಿರುವ ನೈಟ್ ಎಂದು ಪುಸ್ತಕದಲ್ಲಿ ಅವನೇ ಹೇಳಿಕೊಳ್ಳುತ್ತಾನೆ. ಬಿಡುಗಡೆಗಾಗಿ ಪ್ರಾರ್ಥಿಸಿ ಎಂದು ಓದುಗರನ್ನು ಕೇಳಿಕೊಳ್ಳುತ್ತಾನೆ. ಅವನು ವಾರ್ವಿಕ್‌ಶೈರ್‌ನ ಥಾಮಸ್ ಮ್ಯಾಲರಿ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಆ ಮನುಷ್ಯನ ಮೇಲಿದ್ದ ಆರೋಪಗಳು ಸಣ್ಣವಲ್ಲ. ಸುಲಿಗೆ, ದನ ಕಳವು, ಮಠಕ್ಕೆ ನುಗ್ಗಿದ್ದು, ಅತ್ಯಾಚಾರ. ವಿಚಾರಣೆ ಪೂರ್ತಿ ನಡೆಯಲೇ ಇಲ್ಲ.

ಇದು ನನ್ನನ್ನು ತುಂಬಾ ಕಾಡಿದ ವಿಷಯ. ಮ್ಯಾಲರಿಯ ಕಥೆಯಲ್ಲಿ ದುಂಡು ಮೇಜಿನ ನೈಟ್‌ಗಳು ಪ್ರತಿ ವರ್ಷ ಕ್ರೈಸ್ತರ ಪೆಂಟಕೋಸ್ಟ್ ಹಬ್ಬದ ದಿನ ಒಂದು ಪ್ರತಿಜ್ಞೆ ಮಾಡುತ್ತಾರೆ. ಕೊಲೆ ಮಾಡುವುದಿಲ್ಲ. ಮೋಸ ಮಾಡುವುದಿಲ್ಲ. ಶರಣು ಎಂದವರನ್ನು ಕೊಲ್ಲುವುದಿಲ್ಲ. ಹೆಂಗಸರ ನೆರವಿಗೆ ನಿಲ್ಲುತ್ತೇವೆ. ಅನ್ಯಾಯದ ಪಕ್ಷದಲ್ಲಿ ಹೋರಾಡುವುದಿಲ್ಲ. ಇಂಥ ಆರೋಪ ಹೊತ್ತವನು ಈ ಸಾಲುಗಳನ್ನು ಬರೆಯುವಾಗ ಏನು ಅಂದುಕೊಂಡಿದ್ದ? ಅವನ ಅಪರಾಧಗಳನ್ನು ಕಥೆಯ ಚೆಂದ ತೊಳೆಯುವುದಿಲ್ಲ. ಹಾಗೆ ತೊಳೆಯಲು ನಾನು ಪ್ರಯತ್ನಿಸುವುದೂ ಇಲ್ಲ. ಆದರೆ ಆ ಪ್ರತಿಜ್ಞೆ ಪ್ರತಿ ವರ್ಷ ಮತ್ತೆ ಮತ್ತೆ ಮಾಡಬೇಕಾದದ್ದು ಎಂದು ಅವನು ಬರೆದದ್ದು ಸುಮ್ನೆ ಅಲ್ಲ ಅನಿಸುತ್ತದೆ. ಒಂದು ಸಲ ಆಣೆ ಮಾಡಿದರೆ ಮುಗಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅವನ ಪುಸ್ತಕದ ಕೊನೆಯ ಕಡೆ ಒಂದು ಪ್ರಸಂಗ ಬರುತ್ತದೆ. ಉರ್ರಿ ಎಂಬ ಹಂಗೆರಿಯ ನೈಟ್‌ಗೆ ವಾಸಿಯಾಗದ ಏಳು ಗಾಯಗಳು. ಲೋಕದಲ್ಲೇ ಶ್ರೇಷ್ಠನಾದ ನೈಟ್ ಮುಟ್ಟಿದರೆ ಮಾತ್ರ ಅವು ಮಾಯುತ್ತವೆ. ನೂರಾಹತ್ತು ಜನ ಮುಟ್ಟಿ ನೋಡುತ್ತಾರೆ. ಆಗುವುದಿಲ್ಲ. ಲ್ಯಾನ್ಸಲಾಟ್‌ಗೆ ಮುಟ್ಟಲು ಇಷ್ಟವಿಲ್ಲ. ಯಾಕೆಂದರೆ ತಾನು ರಾಜನಿಗೆ ದ್ರೋಹ ಮಾಡಿ ರಾಣಿಯನ್ನು ಪ್ರೀತಿಸುತ್ತಿರುವವನು ಎಂದು ಅವನಿಗೆ ಗೊತ್ತು. ರಾಜನ ಮಾತಿಗೆ ಮುಟ್ಟುತ್ತಾನೆ. ಗಾಯ ಮಾಯುತ್ತದೆ. ಎಲ್ಲರೂ ದೇವರಿಗೆ ವಂದಿಸುತ್ತಾರೆ. ಲ್ಯಾನ್ಸಲಾಟ್ ಮಾತ್ರ ಏಟು ತಿಂದ ಮಗುವಿನ ಹಾಗೆ ಅಳುತ್ತಾನೆ. ಯಾಕೆ ಅತ್ತ ಎಂದು ಮ್ಯಾಲರಿ ವಿವರಿಸುವುದಿಲ್ಲ. ಈ ಪುಟವನ್ನು ಎಷ್ಟು ಸಲ ಓದಿದರೂ ನನಗೆ ಗಂಟಲು ಕಟ್ಟುತ್ತದೆ.

ಇಷ್ಟೆಲ್ಲ ಕಥೆಗಳಲ್ಲಿ ಗವೇನ್ ಮತ್ತು ಹಸಿರು ನೈಟ್ ಕಥೆಯನ್ನೇ ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ಏನು ವಿಶೇಷ?

ಮೊದಲು ಕಥೆ. ಹೊಸ ವರ್ಷದ ದಿನ ಆರ್ಥರ್ ಸಭೆಗೆ ಒಬ್ಬ ದೈತ್ಯ ಬರುತ್ತಾನೆ. ಮೈ ಹಸಿರು, ಕೂದಲು ಹಸಿರು, ಕುದುರೆಯೂ ಹಸಿರು. ಕೈಯಲ್ಲಿ ಕೊಡಲಿ. ‘ಯಾರಾದರೂ ನನಗೊಂದು ಏಟು ಹೊಡೆಯಿರಿ. ಒಂದು ವರ್ಷ, ಒಂದು ದಿನ ಕಳೆದ ಮೇಲೆ ಅದೇ ಏಟನ್ನು ನಾನು ತಿರುಗಿ ಹೊಡೆಯುತ್ತೇನೆ’ ಎನ್ನುತ್ತಾನೆ. ಆರ್ಥರ್‌ನ ನೈಟ್ ಗವೇನ್ ಎದ್ದು ಅವನ ತಲೆ ಕಡಿಯುತ್ತಾನೆ. ಆತ ಬಿದ್ದ ತಲೆಯನ್ನು ಕೈಗೆತ್ತಿಕೊಂಡು, ‘ಹಸಿರು ಗುಡಿಗೆ ಬಾ’ ಎಂದು ಹೇಳಿ ಹೊರಟುಹೋಗುತ್ತಾನೆ.

ವರ್ಷ ಉರುಳುತ್ತದೆ. ಗವೇನ್ ಸಾಯಲು ಹೊರಡುತ್ತಾನೆ. ಚಳಿ, ಮಂಜು, ಕಾಡು. ಕ್ರಿಸ್ಮಸ್ ಹೊತ್ತಿಗೆ ಒಂದು ಕೋಟೆ ಸಿಗುತ್ತದೆ. ಅಲ್ಲಿಯ ಯಜಮಾನ ಒಂದು ಒಪ್ಪಂದಕ್ಕೆ ಕರೆಯುತ್ತಾನೆ. ‘ದಿನವೂ ಬೇಟೆಯಲ್ಲಿ ನನಗೆ ಸಿಕ್ಕಿದ್ದು ನಿನಗೆ. ಮನೆಯಲ್ಲಿ ನಿನಗೆ ಸಿಕ್ಕಿದ್ದು ನನಗೆ.’ ಮೂರು ದಿನ ಯಜಮಾನನ ಹೆಂಡತಿ ಗವೇನ್ ಕೋಣೆಗೆ ಬಂದು ಅವನನ್ನು ಸೆಳೆಯಲು ನೋಡುತ್ತಾಳೆ. ಅವಳ ಮನಸ್ಸು ನೋಯಿಸದೆ, ಮನೆಯವನಿಗೆ ದ್ರೋಹ ಮಾಡದೆ, ಅವನು ಮುತ್ತುಗಳನ್ನಷ್ಟೇ ಒಪ್ಪಿಕೊಳ್ಳುತ್ತಾನೆ. ಸಂಜೆ ಅವನ್ನು ಯಜಮಾನನಿಗೆ ಕೊಟ್ಟುಬಿಡುತ್ತಾನೆ. ಮೂರನೇ ದಿನ ಅವಳು ಒಂದು ಹಸಿರು ರೇಷ್ಮೆ ಸೊಂಟಪಟ್ಟಿ ಕೊಡುತ್ತಾಳೆ. ಅದನ್ನು ಕಟ್ಟಿಕೊಂಡವನನ್ನು ಯಾರೂ ಕೊಲ್ಲಲಾರರು ಎನ್ನುತ್ತಾಳೆ. ಗವೇನ್ ಆ ಸಂಜೆ ಮುತ್ತುಗಳನ್ನು ಕೊಡುತ್ತಾನೆ, ಪಟ್ಟಿಯನ್ನು ಬಚ್ಚಿಡುತ್ತಾನೆ.

ಹಸಿರು ಗುಡಿಯಲ್ಲಿ ಕೊಡಲಿ ಮೂರು ಸಲ ಏಳುತ್ತದೆ. ಮೊದಲ ಸಲ ಗವೇನ್ ಬೆಚ್ಚುತ್ತಾನೆ. ಎರಡನೆಯದು ಬರೀ ಪರೀಕ್ಷೆ. ಮೂರನೆಯದು ಕುತ್ತಿಗೆಯ ಚರ್ಮವನ್ನು ಸ್ವಲ್ಪ ಗೀರಿ ನಿಲ್ಲುತ್ತದೆ. ಹಸಿರು ನೈಟ್ ಬೇರೆ ಯಾರೂ ಅಲ್ಲ, ಆ ಕೋಟೆಯ ಯಜಮಾನನೇ. ಪಟ್ಟಿಯ ವಿಷಯ ಅವನಿಗೆ ಮೊದಲೇ ಗೊತ್ತು. ‘ನೀನು ಬದುಕನ್ನು ಪ್ರೀತಿಸಿದ್ದಕ್ಕೆ ಹೀಗಾಯಿತು, ಅದಕ್ಕೇ ನಿನ್ನನ್ನು ಹೆಚ್ಚು ದೂರುವುದಿಲ್ಲ’ ಎನ್ನುತ್ತಾನೆ.

ನಾವು ಪುಣ್ಯಕೋಟಿ ಕೇಳಿ ಬೆಳೆದವರು. ಹುಲಿಗೆ ಮಾತು ಕೊಟ್ಟು, ಕರುವಿಗೆ ಹಾಲು ಕೊಟ್ಟು, ತಿರುಗಿ ಹುಲಿಯ ಮುಂದೆ ಬಂದು ನಿಂತ ಹಸು. ಗವೇನ್ ಕೊಡಲಿಯ ಕೆಳಗೆ ಕುತ್ತಿಗೆ ಒಡ್ಡಲು ಕುದುರೆ ಏರಿ ಹೊರಟದ್ದನ್ನು ಓದುವಾಗ ನನಗೆ ನೆನಪಾಗುವುದು ಅವಳೇ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಪುಣ್ಯಕೋಟಿ ಎಲ್ಲೂ ಅಲುಗುವುದಿಲ್ಲ. ಅವಳನ್ನು ನೋಡಿ ನಾವು ಕೈ ಮುಗಿಯುತ್ತೇವೆ. ಗವೇನ್ ಅಲುಗುತ್ತಾನೆ. ಮಾತಿನಂತೆ ಬಂದು ನಿಲ್ಲುತ್ತಾನೆ, ಆದರೆ ಬಟ್ಟೆಯ ಒಳಗೆ ಜೀವ ಉಳಿಸುವ ಒಂದು ಪಟ್ಟಿ ಕಟ್ಟಿಕೊಂಡು ಬಂದಿರುತ್ತಾನೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಇವತ್ತಿನ ಓದುಗರು ಅವನನ್ನು ಹತ್ತಿರದವನು ಎಂದು ತಬ್ಬಿಕೊಳ್ಳುವುದು ಇದಕ್ಕೇ.

ಮನೆಗೆ ಮರಳಿದ ಮೇಲೆ ಗವೇನ್ ಆ ಪಟ್ಟಿಯನ್ನು ತನ್ನ ಸೋಲಿನ ಗುರುತು ಎಂದು ಧರಿಸುತ್ತಾನೆ. ಸಭೆಯವರು ನಗುತ್ತಾರೆ, ಪ್ರೀತಿಯಿಂದ ತಾವೂ ಅಂಥದೇ ಹಸಿರು ಪಟ್ಟಿ ಹಾಕಿಕೊಳ್ಳುತ್ತಾರೆ. ಅವರಿಗೆ ಅವನ ನೋವು ಅರ್ಥವಾಯಿತಾ, ಇಲ್ಲವಾ? ಕವಿ ಹೇಳುವುದಿಲ್ಲ. ಕವಿ ಯಾರು ಎಂದೂ ಯಾರಿಗೂ ಗೊತ್ತಿಲ್ಲ. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಬರೆದ ಈ ಕಾವ್ಯ ಒಂದೇ ಒಂದು ಹಸ್ತಪ್ರತಿಯಲ್ಲಿ ಉಳಿದಿದೆ. 1731ರಲ್ಲಿ ಅದಿದ್ದ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಎಷ್ಟೋ ಪುಸ್ತಕಗಳು ಹಾಳಾದವು. ಇದು ಉಳಿಯಿತು.

ಶಿವಲ್ರಿ ಎನ್ನುವುದು ನಿಜವಾಗಿಯೂ ಆಚರಣೆಯಲ್ಲಿತ್ತಾ?

ಇತ್ತು, ಆದರೆ ಕಥೆಯಲ್ಲಿ ಇದ್ದಷ್ಟು ಅಲ್ಲ. ಎಲ್ಲರಿಗೂ ಅಲ್ಲ. ನೈಟ್‌ಗಳು ಹೇಗಿರಬೇಕು ಎಂದು ನೈಟ್‌ಗಳೇ ಬರೆದ ಪುಸ್ತಕಗಳಿವೆ. ಜೊಫ್ರ್ವಾ ದ ಶಾರ್ನಿ ಎಂಬ ಫ್ರೆಂಚ್ ನೈಟ್ ಸುಮಾರು 1350ರಲ್ಲಿ ಅಂಥದೊಂದನ್ನು ಬರೆದು, 1356ರ ಪ್ವಾತಿಯೇ ಯುದ್ಧದಲ್ಲಿ ರಾಜನ ಧ್ವಜ ಹಿಡಿದೇ ಸತ್ತ. ತಾನು ಬರೆದ ಹಾಗೆ ಬದುಕಿದವನು.

ಅದೇ ಕಾಲದ ಇನ್ನೊಂದು ಮುಖವೂ ಇದೆ. ನೂರು ವರ್ಷಗಳ ಯುದ್ಧದಲ್ಲಿ ಇಂಗ್ಲೆಂಡಿನ ಸೇನೆಗಳು ಫ್ರಾನ್ಸಿನ ಹಳ್ಳಿಗಳನ್ನು ಸುಡುತ್ತಾ, ಬೆಳೆ ಹಾಳು ಮಾಡುತ್ತಾ ಹೋದವು. ಹಾಗೆ ಹೋಗುವುದಕ್ಕೆ ಇದ್ದ ಹೆಸರು ಶೆವೊಶೆ. ಅದೂ ಕುದುರೆಯಿಂದಲೇ ಬಂದ ಪದ. ಸೆರೆ ಸಿಕ್ಕ ಶ್ರೀಮಂತ ನೈಟ್‌ನನ್ನು ಕೊಲ್ಲದೆ ಮರ್ಯಾದೆಯಿಂದ ನೋಡಿಕೊಳ್ಳುತ್ತಿದ್ದರು, ಯಾಕೆಂದರೆ ಅವನ ಬಿಡುಗಡೆಗೆ ಹಣ ಬರುತ್ತಿತ್ತು. ರೈತನ ಬಿಡುಗಡೆಗೆ ಯಾರು ಹಣ ಕೊಡುತ್ತಾರೆ?

ವಿಲಿಯಂ ಮಾರ್ಷಲ್ ಎಂಬ ನೈಟ್ ಬಗ್ಗೆ ಓದಿದರೆ ಎರಡೂ ಮುಖ ಒಟ್ಟಿಗೆ ಕಾಣುತ್ತವೆ. 1219ರಲ್ಲಿ ತೀರಿಕೊಂಡ. ದೊಡ್ಡ ಆಸ್ತಿ ಇಲ್ಲದ ಕಿರಿಯ ಮಗ. ಟೂರ್ನಮೆಂಟ್ ಎಂಬ ಅಣಕು ಕಾಳಗಗಳಲ್ಲಿ ಎದುರಾಳಿಗಳನ್ನು ಹಿಡಿದು, ಅವರ ಕುದುರೆ, ಕವಚ, ಬಿಡುಗಡೆ ಹಣ ಗಳಿಸಿ ಮೇಲೆ ಬಂದ. ಸುಮಾರು 500 ನೈಟ್‌ಗಳನ್ನು ಹಿಡಿದೆ ಎಂದು ಸಾಯುವ ಹೊತ್ತಿಗೆ ಹೇಳಿಕೊಂಡನಂತೆ. ಆದರೆ ನಿಷ್ಠೆಗೂ ಅವನೇ ಹೆಸರುವಾಸಿ. ಜಾನ್ ರಾಜ ಸತ್ತಾಗ ಒಂಬತ್ತು ವರ್ಷದ ಹುಡುಗನಿಗೆ ಪಟ್ಟ ಬಂತು. ಎಪ್ಪತ್ತರ ಹತ್ತಿರದ ಮಾರ್ಷಲ್ ಆ ಹುಡುಗನ ಪರವಾಗಿ ರಾಜ್ಯ ನೋಡಿಕೊಂಡ.

ಕವಚ ಹಾಕಿಕೊಂಡರೆ ನಡೆಯಲೂ ಆಗುತ್ತಿರಲಿಲ್ಲವಂತೆ, ಕುದುರೆ ಮೇಲೆ ಕೂರಿಸಲು ಕ್ರೇನ್ ಬೇಕಿತ್ತಂತೆ?

ಸುಳ್ಳು. ಯುದ್ಧಕ್ಕೆ ಮಾಡಿದ ಹದಿನೈದನೇ ಶತಮಾನದ ಪೂರ್ತಿ ಕವಚ ಸುಮಾರು 20ರಿಂದ 25 ಕಿಲೋ ತೂಗುತ್ತಿತ್ತು. ಆ ತೂಕ ಮೈಯೆಲ್ಲ ಹರಡಿಕೊಂಡಿರುತ್ತಿತ್ತು. ತರಬೇತಿ ಇದ್ದವನು ಓಡಬಲ್ಲ, ಬಿದ್ದರೆ ಏಳಬಲ್ಲ, ತಾನೇ ಕುದುರೆ ಏರಬಲ್ಲ.

ಮಧ್ಯದಲ್ಲಿ ಜನ ಈ ಕಥೆಗಳನ್ನು ಮರೆತಿದ್ದರಾ?

ಪೂರ್ತಿ ಅಲ್ಲ, ಆದರೆ ಒಲವು ತುಂಬಾ ಇಳಿದಿತ್ತು. ಮ್ಯಾಲರಿಯ ಪುಸ್ತಕ 1634ರಲ್ಲಿ ಅಚ್ಚಾದ ಮೇಲೆ ಮತ್ತೆ ಅಚ್ಚಾಗಿದ್ದು 1816ರಲ್ಲಿ. ನಡುವೆ 182 ವರ್ಷ. ಆಮೇಲೆ ಒಂದು ಅಲೆಯೇ ಎದ್ದಿತು. ವಾಲ್ಟರ್ ಸ್ಕಾಟ್ ಕಾದಂಬರಿಗಳು ನೈಟ್‌ಗಳನ್ನು ಮನೆಮನೆಗೆ ತಂದವು. 1839ರಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್‌ನಲ್ಲಿ ಒಬ್ಬ ಯುವ ಜಮೀನ್ದಾರ ನಿಜವಾದ ಕವಚ, ಕುದುರೆ, ಈಟಿಗಳ ಟೂರ್ನಮೆಂಟನ್ನೇ ಏರ್ಪಡಿಸಿದ. ನೋಡಲು ಬಂದವರು ಹತ್ತಾರು ಸಾವಿರ. ಮೊದಲ ದಿನವೇ ಜೋರು ಮಳೆ ಸುರಿದು ಮೈದಾನವೆಲ್ಲ ಕೆಸರಾಯಿತು. ಆದರೂ ಜನ ಅದನ್ನು ಮರೆಯಲಿಲ್ಲ.

1859ರಲ್ಲಿ ಇಂಗ್ಲಿಷ್ ಕವಿ ಟೆನಿಸನ್ ಆರ್ಥರ್ ಬಗ್ಗೆ ಬರೆದ ಕಾವ್ಯದ ಮೊದಲ ಭಾಗ ಬಂತು. ಒಂದೇ ವಾರದಲ್ಲಿ ಹತ್ತು ಸಾವಿರ ಪ್ರತಿ ಮಾರಾಟ. ಹಬೆ ಯಂತ್ರ, ರೈಲು, ಕಾರ್ಖಾನೆಗಳ ಕಾಲ ಅದು. ಎಲ್ಲವೂ ಬೆಲೆ ಕಟ್ಟಿ ಮಾರುವ ವಸ್ತು ಆಗುತ್ತಿತ್ತು. ಬೆಲೆ ಕಟ್ಟಲಾಗದ್ದು ಏನಾದರೂ ಉಳಿದಿದೆಯಾ ಎಂದು ಜನ ಹಳೆಯ ಕಥೆಗಳಲ್ಲಿ ಹುಡುಕಿದರು ಎಂದು ನನ್ನ ಅನಿಸಿಕೆ.

ಇಪ್ಪತ್ತನೇ ಶತಮಾನದಲ್ಲಿ ಹುಡುಕಾಟ ಬದಲಾಯಿತು. 1934ರಲ್ಲಿ ವಿಂಚೆಸ್ಟರ್ ಕಾಲೇಜಿನಲ್ಲಿ ಮ್ಯಾಲರಿಯ ಪುಸ್ತಕದ ಹಳೆಯ ಹಸ್ತಪ್ರತಿ ಸಿಕ್ಕಿತು. ಅಲ್ಲಿವರೆಗೆ ಕ್ಯಾಕ್ಸ್ಟನ್ ಅಚ್ಚು ಹಾಕಿದ್ದೇ ಆಧಾರವಾಗಿತ್ತು. ಟಿ. ಎಚ್. ವೈಟ್ ಎರಡನೇ ಮಹಾಯುದ್ಧದ ನೆರಳಿನಲ್ಲಿ ಆರ್ಥರ್ ಕಥೆಯನ್ನು ಮತ್ತೆ ಬರೆದ. ಶಕ್ತಿ ಇದ್ದವನು ಮಾಡಿದ್ದೇ ನ್ಯಾಯವಾ, ಆ ಶಕ್ತಿಯನ್ನೇ ನ್ಯಾಯಕ್ಕೆ ದುಡಿಸಬಹುದಾ ಎಂಬುದು ಅವನ ಆರ್ಥರ್‌ನನ್ನು ಕಾಡುವ ಪ್ರಶ್ನೆ. ಬಾಂಬು ಬೀಳುತ್ತಿದ್ದ ವರ್ಷಗಳಲ್ಲಿ ಅದು ಹಳೆಯ ಪ್ರಶ್ನೆ ಆಗಿರಲಿಲ್ಲ.

ಈ ಒಲವಿನಿಂದ ಕೆಡುಕೂ ಆಗಿದೆಯಾ?

ಆಗಿದೆ. ಇದನ್ನು ಮುಚ್ಚಿಡಬಾರದು. ಅಮೆರಿಕದ ದಕ್ಷಿಣದಲ್ಲಿ ಗುಲಾಮರನ್ನು ಇಟ್ಟುಕೊಂಡ ಜಮೀನ್ದಾರರು ತಮ್ಮನ್ನು ನೈಟ್‌ಗಳ ಹಾಗೆ ಕಂಡುಕೊಂಡರು. ಅಲ್ಲಿಯ ಅಂತರ್ಯುದ್ಧಕ್ಕೆ ವಾಲ್ಟರ್ ಸ್ಕಾಟ್ ಬಹುಮಟ್ಟಿಗೆ ಕಾರಣ ಎಂದು ಮಾರ್ಕ್ ಟ್ವೇನ್ 1883ರಲ್ಲಿ ಬರೆದ. ಅದು ಅತಿಯಾದ ಮಾತು. ಆದರೆ ಕೋಪಕ್ಕೆ ಕಾರಣ ಇತ್ತು. ಕಪ್ಪು ಜನರನ್ನು ಕೊಂದ ಕು ಕ್ಲಕ್ಸ್ ಕ್ಲಾನ್ ತನ್ನವರನ್ನು ನೈಟ್‌ಗಳು ಎಂದೇ ಕರೆದುಕೊಂಡಿತು. ಮೊದಲ ಮಹಾಯುದ್ಧದಲ್ಲಿ, 1915ರ ಬ್ರಿಟಿಷ್ ಪೋಸ್ಟರ್ ಒಂದರಲ್ಲಿ ಕವಚ ತೊಟ್ಟ ಸಂತ ಜಾರ್ಜ್ ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ಲುತ್ತಾನೆ. ಅದನ್ನು ನೋಡಿ ಸೇನೆಗೆ ಸೇರಿದ ಹುಡುಗರು ಸತ್ತದ್ದು ಮೆಷಿನ್ ಗನ್ ಎದುರು, ಕೆಸರಿನ ಕಂದಕಗಳಲ್ಲಿ.

ಕಥೆಯಿಂದ ಸೋಲನ್ನೂ ನಾಚಿಕೆಯನ್ನೂ ಕಿತ್ತು, ಬರೀ ಕತ್ತಿ ಉಳಿಸಿಕೊಂಡರೆ ಹೀಗಾಗುತ್ತದೆ. ಲ್ಯಾನ್ಸಲಾಟ್‌ನ ಅಳು ಆ ಪೋಸ್ಟರ್‌ನಲ್ಲಿ ಇಲ್ಲ.

ಇವೆಲ್ಲ ಬಿಳಿಯ ಗಂಡಸರ ಕಥೆಗಳೇ ಅಲ್ವಾ?

ಬಹುಪಾಲು ಹೌದು. ಪೂರ್ತಿ ಅಲ್ಲ. ಮ್ಯಾಲರಿಯಲ್ಲಿ ಪಾಲೊಮೈಡಿಸ್ ಎಂಬ ಸಾರಸೆನ್ (ಆ ಕಾಲದ ಯುರೋಪಿನವರು ಮುಸ್ಲಿಮರಿಗೆ ಹೇಳುತ್ತಿದ್ದ ಹೆಸರು) ನೈಟ್ ಇದ್ದಾನೆ. ಹದಿಮೂರನೇ ಶತಮಾನದ ಡಚ್ ಕಾವ್ಯವೊಂದರ ನಾಯಕ ಮೋರಿಯನ್ ಕಪ್ಪು ಬಣ್ಣದವನು. ವೋಲ್ಫ್ರಾಮ್ ಕಾವ್ಯದಲ್ಲಿ ಪಾರ್ಟ್ಸಿವಾಲ್‌ಗೆ, ಅಂದರೆ ಪರ್ಸಿವಲ್‌ಗೆ, ಫೈರೆಫಿಟ್ಸ್ ಎಂಬ ಅಣ್ಣ ಇದ್ದಾನೆ. ಅವನ ತಾಯಿ ಕಪ್ಪು ರಾಣಿ ಬೆಲಕಾನೆ. ಕೊನೆಗೆ ಅವನು ಗ್ರೇಲ್ ಹೊತ್ತ ಕನ್ಯೆಯನ್ನು ಮದುವೆಯಾಗಿ ಹೋಗುವುದು ಎಲ್ಲಿಗೆ ಗೊತ್ತಾ? ಇಂಡಿಯಾಕ್ಕೆ. ಅದು ನಮ್ಮ ದೇಶವಲ್ಲ, ವೋಲ್ಫ್ರಾಮ್ ಕಲ್ಪಿಸಿಕೊಂಡ ದೂರದ ಪೂರ್ವ. ಆದರೂ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 2021ರ ಸಿನಿಮಾದಲ್ಲಿ ಭಾರತೀಯ ಮೂಲದ ದೇವ್ ಪಟೇಲ್ ಗವೇನ್ ಆದಾಗ ಕೆಲವರು ಹುಬ್ಬೇರಿಸಿದರು. ಈ ಕಥೆಗಳು ಮೊದಲಿಂದಲೂ ಊರೂರು ಸುತ್ತಿ ಬೆಳೆದವು ಎಂದು ಅವರಿಗೆ ಹೇಳಬೇಕು ಅನಿಸಿತ್ತು.

ಇನ್ನು ಹೆಂಗಸರು. ಕೋಟೆಯ ಕಿಟಕಿಯಲ್ಲಿ ಕಾಯುವವಳ ಚಿತ್ರ ಜಾಸ್ತಿ ಹರಡಿದೆ. ಆದರೆ ಹಳೆಯ ಕಥೆಗಳಲ್ಲಿ ಬೇರೆ ಹೆಂಗಸರೂ ಇದ್ದಾರೆ. ಹದಿಮೂರನೇ ಶತಮಾನದ ಫ್ರೆಂಚ್ ಕಾವ್ಯವೊಂದರಲ್ಲಿ ಸೈಲೆನ್ಸ್ ಎಂಬ ಹುಡುಗಿ ಗಂಡು ವೇಷದಲ್ಲಿ ಬೆಳೆದು ದೊಡ್ಡ ನೈಟ್ ಆಗುತ್ತಾಳೆ. ಅದರ ಹಸ್ತಪ್ರತಿ 1911ರಲ್ಲಿ ಇಂಗ್ಲೆಂಡಿನ ಒಂದು ಬಂಗಲೆಯಲ್ಲಿ, ಬೆಲೆಯಿಲ್ಲದ ಹಳೆಯ ಕಾಗದ ಎಂದು ಬರೆದಿದ್ದ ಪೆಟ್ಟಿಗೆಯಲ್ಲಿ ಸಿಕ್ಕಿತು. 1410ರಲ್ಲಿ ಕ್ರಿಸ್ತೀನ್ ದ ಪಿಜಾನ್ ಎಂಬ ಲೇಖಕಿ ಯುದ್ಧ ಮತ್ತು ಶಿವಲ್ರಿ ಬಗ್ಗೆಯೇ ಪುಸ್ತಕ ಬರೆದಳು. ಕ್ಯಾಕ್ಸ್ಟನ್ ಅದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿದ.

ರ‍್ಯಾಗ್ನೆಲ್ ಕಥೆ ನನಗೆ ಬಹಳ ಇಷ್ಟ. ಹೆಂಗಸರು ಎಲ್ಲಕ್ಕಿಂತ ಹೆಚ್ಚು ಬಯಸುವುದೇನು ಎಂಬ ಪ್ರಶ್ನೆಗೆ ಉತ್ತರ ತರದಿದ್ದರೆ ಆರ್ಥರ್ ತಲೆ ಹೋಗುತ್ತದೆ. ಉತ್ತರ ಹೇಳುವವಳು ಕುರೂಪಿ ರ‍್ಯಾಗ್ನೆಲ್: ತನ್ನ ಬದುಕಿನ ಅಧಿಕಾರ ತನ್ನ ಕೈಯಲ್ಲಿರುವುದು. ಬದಲಿಗೆ ಗವೇನ್ ಅವಳನ್ನು ಮದುವೆಯಾಗಬೇಕು. ಮದುವೆಯ ರಾತ್ರಿ ಅವಳು ಚೆಲುವೆಯಾಗಿ ನಿಂತು, ‘ಹಗಲು ಚೆಂದ ಇರಲಾ, ರಾತ್ರಿಯಾ?’ ಎನ್ನುತ್ತಾಳೆ. ‘ನಿನ್ನ ಇಷ್ಟ’ ಎನ್ನುತ್ತಾನೆ ಗವೇನ್. ಆ ಮಾತಿಗೆ ಶಾಪವೇ ಕಳಚುತ್ತದೆ.

ನಮ್ಮಲ್ಲೂ ಇಂಥದ್ದು ಇದೆಯಲ್ಲ?

ಹೋಲಿಕೆ ಇದೆ, ವ್ಯತ್ಯಾಸವೂ ಇದೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಗುಡಿಯ ಹತ್ತಿರ ಕುವರ ಲಕ್ಷ್ಮನ ಕಂಬ ಇದೆ. ಇಮ್ಮಡಿ ವೀರಬಲ್ಲಾಳನ ಜೊತೆ ಪ್ರಾಣ ಬಿಟ್ಟ ಗರುಡ, ಅಂದರೆ ಒಡೆಯ ಸತ್ತರೆ ತಾನೂ ಸಾಯುತ್ತೇನೆ ಎಂದು ಮಾತು ಕೊಟ್ಟ ಅಂಗರಕ್ಷಕ, ಅವನು. ಒಡೆಯನಿಗೆ ಕೊಟ್ಟ ಮಾತು ಅಲ್ಲಿ ಕಲ್ಲಿನಲ್ಲೇ ಇದೆ. ಆದರೆ ನಮ್ಮ ಊರೂರಿನ ವೀರಗಲ್ಲುಗಳಲ್ಲಿ ದನ ಬಿಡಿಸಲು ಹೋಗಿ ಸತ್ತ ಸಾಮಾನ್ಯ ಮನುಷ್ಯರೂ ಇದ್ದಾರೆ. ಅಂಥವರಿಗೆ ಆರ್ಥರ್ ಕಥೆಗಳಲ್ಲಿ ಜಾಗವೇ ಇಲ್ಲ. ಅಲ್ಲಿ ರೈತ ಬಂದರೆ ದಾರಿ ತೋರಿಸಿ ಮಾಯವಾಗುತ್ತಾನೆ. ಈ ಕೊರತೆ ನನಗೆ ಪ್ರತಿ ಸಲ ಚುಚ್ಚುತ್ತದೆ.

ಓದಲು ಎಲ್ಲಿಂದ ಶುರು ಮಾಡಲಿ?

ಗವೇನ್‌ನಿಂದ. ಚಿಕ್ಕದು, ಸುಮಾರು 2,500 ಸಾಲು. ಹೊಸ ಇಂಗ್ಲಿಷ್ ಅನುವಾದಗಳಲ್ಲಿ ಸೈಮನ್ ಆರ್ಮಿಟೇಜ್ ಮಾಡಿದ್ದು ಓದಲು ಸಲೀಸು. ಆಮೇಲೆ ಕ್ರೆತಿಯಾಂ. ಮ್ಯಾಲರಿ ಕೊನೆಗೆ. ಅದು ಬಹಳ ಉದ್ದ, ನಡುವೆ ಬರೀ ಹೊಡೆದಾಟ ಬರುತ್ತದೆ. ಬೇಸರವಾದರೆ ದಾಟಿ ಹೋಗಿ, ಕೊನೆಯ ಎರಡು ಭಾಗಗಳನ್ನು ಮಾತ್ರ ಬಿಡಬೇಡಿ. ಕ್ಯಾಕ್ಸ್ಟನ್ ಮುನ್ನುಡಿಯನ್ನೂ ಓದಿ. ಇದರಲ್ಲಿ ಸ್ನೇಹ, ಪ್ರೀತಿ, ಧೈರ್ಯ ಇರುವ ಹಾಗೆ ಹೇಡಿತನ, ಕೊಲೆ, ದ್ವೇಷ, ಪಾಪವೂ ಇವೆ ಎಂದು ಅವನು ಮೊದಲೇ ಹೇಳಿಬಿಡುತ್ತಾನೆ.

ಇಂಗ್ಲೆಂಡಿಗೆ ಹೋದರೆ ನೋಡಲು ಏನಾದರೂ ಇದೆಯಾ?

ವಿಂಚೆಸ್ಟರ್‌ಗೆ ಹೋಗಿ. ಅಲ್ಲಿಯ ಹಳೆಯ ಸಭಾಂಗಣದ ಗೋಡೆಯ ಮೇಲೆ ಓಕ್ ಮರದ ದೊಡ್ಡ ದುಂಡು ಮೇಜು ತೂಗುಹಾಕಿದ್ದಾರೆ. ಅಡ್ಡಳತೆ ಸುಮಾರು ಐದೂವರೆ ಮೀಟರ್. ಆರ್ಥರ್‌ನದಲ್ಲ, ಹದಿಮೂರನೇ ಶತಮಾನದ ಕೊನೆಗೆ ಮಾಡಿಸಿದ್ದು. ಎಂಟನೇ ಹೆನ್ರಿ ಅದಕ್ಕೆ ಬಣ್ಣ ಬಳಿಸಿ 24 ನೈಟ್‌ಗಳ ಹೆಸರು ಬರೆಸಿದ. ಕಾರ್ನ್‌ವಾಲ್‌ನ ಟಿಂಟಾಜೆಲ್ ಕೂಡ ಚೆಂದ, ಸಮುದ್ರದ ಅಂಚಿನ ಬಂಡೆಯ ಮೇಲೆ ಮುರಿದ ಕೋಟೆ.

ಮಕ್ಕಳಿಗೆ ಹೇಳಬಹುದಾ?

ಖಂಡಿತ. ಲ್ಯಾನ್ಸಲಾಟ್, ರಾಣಿಯ ವಿಷಯ ದೊಡ್ಡವರಾದ ಮೇಲೆ ಸಾಕು. ಗವೇನ್ ಕಥೆ ಹೇಳಿ. ಕೋಟೆಯ ಭಾಗವನ್ನು ಸ್ವಲ್ಪ ಸರಳ ಮಾಡಿಕೊಳ್ಳಿ. ಅವನು ಪಟ್ಟಿಯನ್ನು ಬಚ್ಚಿಟ್ಟ ಜಾಗಕ್ಕೆ ಬಂದಾಗ ನಿಲ್ಲಿಸಿ, ‘ನೀನಾಗಿದ್ದರೆ?’ ಎಂದು ಕೇಳಿ. ಉತ್ತರ ಹೇಳಿಕೊಡಬೇಡಿ. ನಮ್ಮ ಅಕ್ಕನ ಮಗಳಿಗೆ ಎಂಟು ವರ್ಷ ಇದ್ದಾಗ ನಾನು ಹೀಗೇ ಕೇಳಿದೆ. ಅವಳು ತುಂಬಾ ಹೊತ್ತು ಯೋಚಿಸಿ, ‘ನಾನೂ ಬಚ್ಚಿಡ್ತಿದ್ದೆ ಮಾಮಾ. ಆದ್ರೆ ರಾತ್ರಿ ನಿದ್ದೆ ಬರ್ತಿರಲಿಲ್ಲ’ ಅಂದಳು. ಆಮೇಲೆ ಕೊಡಲಿಯ ಭಾಗವನ್ನು ಎರಡು ಸಲ ಹೇಳಿಸಿಕೊಂಡಳು.